ದಯೆಯನ್ನು ಮೇಲ್ಮನವಿ ಎಂದು ಕರೆಯಬೇಡಿ

ಸುರಪುರದ ರಾಜಾ ವೆಂಕಟಪ್ಪ ನಾಯಕನ ಕಥೆ ಹೇಳುವವರು ಕೊನೆಗೆ ಬರುವ ಹೊತ್ತಿಗೆ ಒಂದು ಮಾತು ಸೇರಿಸುವುದು ರೂಢಿಯಾಗಿಬಿಟ್ಟಿದೆ. ಬ್ರಿಟಿಷರು ಮೊದಲು ಮರಣದಂಡನೆ ವಿಧಿಸಿದರು ನಿಜ, ಆದರೆ ಹೈದರಾಬಾದಿನ ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಅದನ್ನೂ ಇಳಿಸಿ ನಾಲ್ಕೇ ವರ್ಷದ ಸೆರೆವಾಸ ಮಾಡಿದ. ಇದರ ಹಿಂದೆ ಮೆಡೋಸ್ ಟೇಲರ್ ಸಾಹೇಬನ ಒಳ್ಳೆಯತನವಿತ್ತು. ರಾಜ ದುಡುಕದೆ ಇದ್ದಿದ್ದರೆ ತಿರುಗಿ ಬಂದು ಗದ್ದುಗೆ ಏರುತ್ತಿದ್ದ. ಸಭೆಗಳಲ್ಲಿ ಇದನ್ನು ಕೇಳಿದ್ದೇನೆ, ಲೇಖನಗಳಲ್ಲಿ ಓದಿದ್ದೇನೆ. ಸ್ವಾತಂತ್ರ್ಯ ಹೋರಾಟದ ಬಗ್ಗೆ ಅಭಿಮಾನವಿರುವವರೇ ಇದನ್ನು ಹೇಳುತ್ತಾರೆ. ಈ ಒಂದು ಕಥೆಯ ಬೆನ್ನಿಗೆ ದೊಡ್ಡದೊಂದು ಅಭಿಪ್ರಾಯ ನಿಂತಿದೆ: ಆಳಿದ್ದು ಹೇಗೇ ಇರಲಿ, ಬ್ರಿಟಿಷರ ನ್ಯಾಯದಲ್ಲಿ ಮೆಟ್ಟಿಲುಗಳಿದ್ದವು, ನೇಣಿಗೆ ಹೊರಟವನಿಗೂ ಮೇಲೆ ಹೋಗಿ ಕೇಳುವ ದಾರಿಯಿತ್ತು.

ಆ ದಾರಿ ವೆಂಕಟಪ್ಪ ನಾಯಕನಿಗೆ ಇರಲಿಲ್ಲ. ಅವನ ಶಿಕ್ಷೆ ಎರಡು ಸಲ ಇಳಿಯಿತು. ಅವನು ತಪ್ಪಿತಸ್ಥನೆಂಬ ತೀರ್ಪನ್ನು ಮಾತ್ರ ಅವನ ಎದುರಾಳಿಗಳಲ್ಲದ ಯಾರೂ ಒಂದು ಸಲವೂ ಪರಿಶೀಲಿಸಲಿಲ್ಲ. ಈ ವ್ಯತ್ಯಾಸವನ್ನು ಮರೆತದ್ದರಿಂದಲೇ ನಮ್ಮ ಇತಿಹಾಸ ಬರವಣಿಗೆಯಲ್ಲಿ ಇಷ್ಟು ವರ್ಷ ಒಂದು ಸುಳ್ಳು ಗೌರವದಿಂದ ಕುಳಿತಿದೆ.

ನಡೆದದ್ದನ್ನು ಮೊದಲು ನೋಡೋಣ. ಸುರಪುರ ನಿಜಾಮನಿಗೆ ಕಪ್ಪ ಕೊಡುತ್ತಿದ್ದ ಬೇಡ ನಾಯಕರ ಸಂಸ್ಥಾನ. 1842ರಲ್ಲಿ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಚಿಕ್ಕ ಹುಡುಗ. ರಾಣಿ ಈಶ್ವರಮ್ಮನಿಗೂ ಈಸ್ಟ್ ಇಂಡಿಯಾ ಕಂಪನಿಯವರಿಗೂ ತಿಕ್ಕಾಟ ಶುರುವಾಯಿತು. ಆಡಳಿತ ನೋಡಿಕೊಳ್ಳಲು ಬಂದ ಟೇಲರ್ 1853ರವರೆಗೆ ಅಲ್ಲಿದ್ದ. ಹುಡುಗ ಅವನನ್ನು ‘ಅಪ್ಪ’ ಎನ್ನುತ್ತಿದ್ದ. ಪ್ರಾಯಕ್ಕೆ ಬಂದ ರಾಜನ ಕೈಗೆ ಸಂಸ್ಥಾನ ಕೊಟ್ಟು ಟೇಲರ್ ಹೊರಟುಹೋದ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಉತ್ತರದಲ್ಲಿ ದಂಗೆ ಎದ್ದಿತು. ಸುರಪುರದಲ್ಲಿ ಅರಬರು, ರೋಹಿಲರು ಸೇರುತ್ತಿದ್ದಾರೆ, ರಾಜನಿಗೆ ದಂಗೆಕೋರರ ಸಂಪರ್ಕವಿದೆ ಎಂಬ ಸುದ್ದಿ ಹೈದರಾಬಾದಿಗೆ ಮುಟ್ಟಿತು. ರೆಸಿಡೆಂಟ್ ಕರ್ನಲ್ ಕತ್ಬರ್ಟ್ ಡೇವಿಡ್ಸನ್ ತನ್ನ ಅಧಿಕಾರಿ ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನನ್ನು ಸುರಪುರಕ್ಕೆ ಕಳಿಸಿದ. 1858ರ ಫೆಬ್ರವರಿ 7 ಮತ್ತು 8ರಂದು ಊರ ಮುಂದೆ ಕಾಳಗವಾಯಿತು. ಬ್ರಿಟಿಷರ ಕಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ಕರ್ನಲ್ ಮಾಲ್ಕಮ್‌ನ ಪಡೆ ಬರುವ ಸುದ್ದಿ ತಿಳಿದ ರಾಜ ರಾತ್ರೋರಾತ್ರಿ ಕೋಟೆ ಬಿಟ್ಟು ಹೈದರಾಬಾದಿಗೆ ಓಡಿಹೋದ.

ಅವನು ಹೋದದ್ದು ಹೈದರಾಬಾದಿಗೆ ಎಂಬುದನ್ನು ಮರೆಯಬಾರದು. ಕಪ್ಪ ಕೊಡುವ ನಾಯಕ ಸಂಕಟದ ಹೊತ್ತಿಗೆ ತನ್ನ ಒಡೆಯನ ರಾಜಧಾನಿಗೆ ಹೋದ. ಅಲ್ಲಿ ದಿವಾನ ಸಾಲಾರ್ ಜಂಗ್‌ನ ಜನ ಅವನನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿದರು. ವಿಚಾರಣೆ ನಡೆದದ್ದು ನಿಜಾಮನ ನಗರದಲ್ಲಲ್ಲ, ಅದರ ಪಕ್ಕದ ಸಿಕಂದರಾಬಾದಿನಲ್ಲಿ, ಬ್ರಿಟಿಷ್ ದಂಡಿನ ಪ್ರದೇಶದಲ್ಲಿ, ಮಿಲಿಟರಿ ಅಧಿಕಾರಿಗಳ ಮುಂದೆ.

ಈಗ ಒಬ್ಬ ಸಾಮಾನ್ಯ ವಕೀಲ ಮೊದಲ ದಿನವೇ ಎತ್ತುವ ಪ್ರಶ್ನೆಯನ್ನು ಕೇಳೋಣ. ಈ ಆರೋಪಿ ಯಾರ ಪ್ರಜೆ? ಕಂಪನಿಯ ಪ್ರಜೆಯಲ್ಲ. ಅವನ ಊರು ಕಂಪನಿಯ ಸೀಮೆಯಲ್ಲಿರಲಿಲ್ಲ. ಅವನು ಸಿಕ್ಕಿಬಿದ್ದ ಊರೂ ಕಂಪನಿಯದಲ್ಲ. ಹಾಗಾದರೆ ಕಂಪನಿಯ ವಿರುದ್ಧ ರಾಜದ್ರೋಹ ಮಾಡಿದ ಎಂಬ ಆರೋಪ ಎಲ್ಲಿಂದ ಬಂತು? ಯುದ್ಧದಲ್ಲಿ ಸೋತ ಎದುರಾಳಿ ಎನ್ನುವುದಾದರೆ ಅವನು ಯುದ್ಧಕೈದಿ. ಅವನಿಗೆ ನೇಣು ವಿಧಿಸಲು ಬರುವುದಿಲ್ಲ. ನಿಜಾಮನ ಸಾಮಂತ ಎನ್ನುವುದಾದರೆ ವಿಚಾರಿಸಬೇಕಾದವನು ನಿಜಾಮ. ಎರಡೂ ಅಲ್ಲದ ಮೂರನೆಯದೊಂದು ಜಾಗದಲ್ಲಿ ಅವನನ್ನು ನಿಲ್ಲಿಸಿದ್ದು ಕಾನೂನಲ್ಲ, ದಂಡಿನ ಬಲ. ಈ ಪ್ರಶ್ನೆಯನ್ನು ಮೇಲಿನ ನ್ಯಾಯಾಲಯವೊಂದರ ಮುಂದೆ ಇಡಲು ಅವಕಾಶವಿದ್ದಿದ್ದರೆ ಅದನ್ನು ಮೇಲ್ಮನವಿ ಎನ್ನಬಹುದಿತ್ತು.

ಬದಲಿಗೆ ಏನಾಯಿತು ನೋಡಿ. ಸುರಪುರಕ್ಕೆ ಅಧಿಕಾರಿಯನ್ನು ಕಳಿಸಿದವನು ಡೇವಿಡ್ಸನ್. ಕಾಳಗಕ್ಕೆ ಇಳಿದ ಹೈದರಾಬಾದ್ ಕಂಟಿಂಜೆಂಟ್ ಅವನ ಹತೋಟಿಯ ಪಡೆ. ಕೈದಿಯನ್ನು ವಶಕ್ಕೆ ಪಡೆದವನು ಅವನೇ. ಮರಣದಂಡನೆಯ ಕಾಗದ ಬಂದಾಗ ಅದನ್ನು ಖಾಯಂ ಮಾಡಬೇಕೋ ಇಳಿಸಬೇಕೋ ಎಂದು ತೀರ್ಮಾನಿಸಿದವನೂ ಅವನೇ. ದೂರುದಾರ, ದಂಡನಾಯಕ, ಸೆರೆಮನೆಯ ಒಡೆಯ, ಮೇಲಿನ ಅಧಿಕಾರಿ ಎಲ್ಲವೂ ಒಬ್ಬನೇ. ಅವನ ಮೇಲೆ ಕಲ್ಕತ್ತೆಯಲ್ಲಿ ಕೂತಿದ್ದ ಗವರ್ನರ್ ಜನರಲ್ ಕ್ಯಾನಿಂಗ್ ಆಗ ಇಡೀ ದೇಶದಲ್ಲಿ ನಡೆಯುತ್ತಿದ್ದ ಯುದ್ಧದ ಮುಖ್ಯಸ್ಥ. ಹೈದರಾಬಾದಿನ ಕೋಠಿಯಲ್ಲಿ ಆ ರೆಸಿಡೆನ್ಸಿಯ ಕಟ್ಟಡ ಇಂದಿಗೂ ಇದೆ. ಎತ್ತರದ ಕಂಬಗಳು, ಅಗಲವಾದ ಮೆಟ್ಟಿಲುಗಳು. ಬಹುಕಾಲ ಅದು ಹೆಣ್ಣುಮಕ್ಕಳ ಕಾಲೇಜಾಗಿತ್ತು. ನೋಡಲು ಹೋಗುವವರು ಹಿಂದಿನ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನಿಸಾಳ ಪ್ರೇಮಕಥೆ ಕೇಳಿ ಬರುತ್ತಾರೆ. ಸುರಪುರದ ಇಪ್ಪತ್ನಾಲ್ಕರ ಹರೆಯದ ರಾಜನೊಬ್ಬನ ಜೀವ ಆ ಮನೆಯ ಅಧಿಕಾರಿಯ ಕೈಯಲ್ಲಿತ್ತು ಎಂಬುದನ್ನು ಕನ್ನಡಿಗರಾದರೂ ಅಲ್ಲಿ ನೆನೆಯಬೇಕು.

“ಆದರೂ ಇಳಿಸಿದರಲ್ಲ?” ಎಂದು ಕೇಳುತ್ತಾರೆ. ಇಳಿಸಿದರು. ಯಾಕೆ ಇಳಿಸಿದರು ಎಂಬುದನ್ನು ಅದೇ ಕಾಲದ, ಅದೇ ಸೀಮೆಯ ಉಳಿದ ಪ್ರಕರಣಗಳ ಜೊತೆ ಇಟ್ಟು ನೋಡಬೇಕು. ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದದ್ದಕ್ಕೆ 1857ರ ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ನರಗುಂದದ ಬಾಬಾಸಾಹೇಬನ ಜನ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದದ್ದು 1858ರ ಮೇ 29ರಂದು; ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ನೇಣಿಗೆ ಹಾಕಿದ್ದು ಜೂನ್ 12ರಂದು. ಎರಡು ವಾರ. ಆ ಎರಡು ವಾರದೊಳಗೆ ನರಗುಂದದ ಕೋಟೆ ಬಿತ್ತು, ರಾಜ ಸಿಕ್ಕಿಬಿದ್ದ, ವಿಚಾರಣೆ ಆಯಿತು, ಹಗ್ಗ ಬಿತ್ತು. ಯಾವ ಮೇಲಿನ ಮೆಟ್ಟಿಲು ಅಲ್ಲಿ ಕೆಲಸ ಮಾಡಿತು? ಸುರಪುರದ ರಾಜ ಉಳಿದ, ನರಗುಂದದ ರಾಜ ಸತ್ತ, ಹಲಗಲಿಯ ಬೇಡರು ಸತ್ತರು. ಯಾರಿಗೆ ನೇಣು, ಯಾರಿಗೆ ಸೆರೆ ಎಂಬುದು ಆಳುವವರ ಆ ಹೊತ್ತಿನ ಅನುಕೂಲದ ಲೆಕ್ಕವಾಗಿತ್ತು ಎಂಬುದೇ ನನ್ನ ತೀರ್ಮಾನ. ಒಬ್ಬನನ್ನು ಉಳಿಸಿದ್ದನ್ನು ತೋರಿಸಿ ಪದ್ಧತಿ ಒಳ್ಳೆಯದು ಎನ್ನುವವರು ಉಳಿಯದೆ ಹೋದವರ ಹೆಸರನ್ನೂ ಅದೇ ಉಸಿರಿನಲ್ಲಿ ಹೇಳಲಿ.

ಕ್ಯಾನಿಂಗ್‌ಗೆ ‘ಕರುಣಾಳು’ ಎಂಬ ಅಡ್ಡಹೆಸರು ಬಿದ್ದಿತ್ತು. ಅದನ್ನು ಕೊಟ್ಟವರು ಅವನ ಮೇಲೆ ಸಿಟ್ಟಾಗಿದ್ದ ಬ್ರಿಟಿಷರೇ. ಸಿಕ್ಕಸಿಕ್ಕವರನ್ನು ನೇಣಿಗೆ ಹಾಕಬೇಡಿ ಎಂದು ಅವನು 1857ರ ಜುಲೈನಲ್ಲಿ ಆದೇಶ ಹೊರಡಿಸಿದ್ದ. ಅದು ಒಳ್ಳೆಯ ಆದೇಶವೇ. ಆದರೆ ಅಂಥ ಆದೇಶ ಬೇಕಾಯಿತು ಎಂಬುದೇ ಕೆಳಗೆ ಏನು ನಡೆಯುತ್ತಿತ್ತು ಎಂಬುದಕ್ಕೆ ಸಾಕ್ಷಿ. ಅದೇ ಕ್ಯಾನಿಂಗ್‌ನ ಸರ್ಕಾರ 1857ರ ಮೇ ತಿಂಗಳಲ್ಲಿ ಮಾಡಿದ 11ನೇ ಕಾಯ್ದೆ ದಂಗೆಯ ಆರೋಪಿಗಳನ್ನು ವಿಶೇಷ ಕಮಿಷನರುಗಳ ಮುಂದೆ ನಿಲ್ಲಿಸಿ ಅವರ ತೀರ್ಪೇ ಅಂತಿಮ ಎಂದಿತ್ತು. ಮೇಲಿನ ನ್ಯಾಯಾಲಯವಾದ ಸದರ್ ಅದಾಲತ್ತಿಗೆ ಹೋಗುವ ದಾರಿಯನ್ನು ಮುಚ್ಚಿತ್ತು. ಕಂಪನಿಯ ಸ್ವಂತ ಪ್ರಜೆಗಳಿಗೇ ಮೇಲ್ಮನವಿ ಇಲ್ಲದ ಕಾಲದಲ್ಲಿ ಸಿಕಂದರಾಬಾದಿನ ದಂಡಿನ ಕೈದಿಗೆ ಅದು ಇತ್ತು ಎಂದು ನಂಬುವುದು ಹೇಗೆ?

ಇನ್ನು ಟೇಲರನ ವಿಷಯ. ಅವನು ಸುರಪುರಕ್ಕೆ ಮಾಡಿದ ಕೆಲಸವನ್ನು ನಾನು ಅಲ್ಲಗಳೆಯುವುದಿಲ್ಲ. ಬೋನಾಳದ ಕೆರೆ, ರಸ್ತೆ, ಕಂದಾಯದ ಲೆಕ್ಕ ಇವೆಲ್ಲ ಅವನಿಗೆ ಸಲ್ಲಬೇಕಾದವು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದವರಿಗೆ ಆ ಊರನ್ನು ಅವನು ಎಷ್ಟು ಇಷ್ಟಪಟ್ಟಿದ್ದ ಎಂಬುದೂ ತಿಳಿಯುತ್ತದೆ. ಹುಡುಗನ ಮೇಲೆ ಅವನಿಗೆ ಪ್ರೀತಿಯಿತ್ತು ಎಂಬುದನ್ನೂ ಒಪ್ಪುತ್ತೇನೆ. ಆದರೆ ಸಾಕ್ಷಿ ಎಂದು ಕರೆದಾಗ ಅವನನ್ನು ಬೇರೆ ಯಾವ ಸಾಕ್ಷಿಯನ್ನಾದರೂ ಪರೀಕ್ಷಿಸುವಂತೆ ಪರೀಕ್ಷಿಸಬೇಕು. ಅವನು ಕಂಪನಿಯ ಅಧಿಕಾರಿ. ಜೊತೆಗೆ ಕಾದಂಬರಿಕಾರ, ಥಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಬರೆದು 1839ರಲ್ಲೇ ಲಂಡನ್ನಿನಲ್ಲಿ ಹೆಸರು ಮಾಡಿದವನು. ಅವನ ಆತ್ಮಕಥೆ ಅಚ್ಚಾದದ್ದು 1877ರಲ್ಲಿ, ಅವನು ಸತ್ತ ಮರುವರ್ಷ, ಘಟನೆ ನಡೆದು ಹತ್ತೊಂಬತ್ತು ವರ್ಷಗಳ ಮೇಲೆ. ರಾಜ ಇಪ್ಪತ್ನಾಲ್ಕನೆಯ ವರ್ಷ ದಾಟುವುದಿಲ್ಲ ಎಂದು ಜಾತಕದಲ್ಲಿ ಬರೆದಿತ್ತು, ಅದು ತನಗೆ ಮೊದಲೇ ಗೊತ್ತಿತ್ತು ಎಂದೂ ಅದರಲ್ಲಿ ಬರೆದುಕೊಂಡಿದ್ದಾನೆ. ಜಾತಕದ ಕಥೆ ಬಂದ ಕೂಡಲೇ ಏನಾಗುತ್ತದೆ? ಸಾವಿಗೆ ವಿಧಿ ಕಾರಣವಾಗುತ್ತದೆ. ದಂಡಿನ ಕೋರ್ಟು, ರೆಸಿಡೆಂಟು, ಕಾವಲುಗಾರರು ಎಲ್ಲರೂ ಹಿಂದಕ್ಕೆ ಸರಿಯುತ್ತಾರೆ. ನಮ್ಮ ಲೇಖಕರು ಈ ಜಾತಕವನ್ನು ರುಚಿಯಿಂದ ಬಳಸುತ್ತಾರೆ. ದಯವಿಟ್ಟು ಬಿಡಿ. ಸರ್ಕಾರದ ಕಸ್ಟಡಿಯಲ್ಲಿ ಸತ್ತವನ ಬಗ್ಗೆ ಬರೆಯುವಾಗ ಜಾತಕಕ್ಕೆ ಕೆಲಸವಿಲ್ಲ.

ಜೈಲಿನ ಭೇಟಿಯ ಭಾಗವನ್ನು ಹತ್ತಿರದಿಂದ ಓದಿ. ಟೇಲರ್ ಒಳಗೆ ಬರುತ್ತಾನೆ, ರಾಜ ಅವನನ್ನು ತಬ್ಬಿಕೊಂಡು ಅಳುತ್ತಾನೆ. ಮಾತು ಬಹುಬೇಗ ಒಂದು ಕಡೆಗೆ ತಿರುಗುತ್ತದೆ: ನಿನ್ನನ್ನು ಎತ್ತಿಕಟ್ಟಿದವರು ಯಾರು? ಹೆಸರು ಬೇಕಾಗಿತ್ತು. ರೆಸಿಡೆಂಟನಿಗೂ ಅದೇ ಬೇಕಾಗಿತ್ತು. ಜೀವ ಉಳಿಯುವ ಮಾತು, ಹೆಸರು ಹೇಳುವ ಮಾತು ಎರಡೂ ಒಂದೇ ಕೋಣೆಯಲ್ಲಿ, ಒಂದೇ ಭೇಟಿಯಲ್ಲಿ ನಡೆದವು. ಮೇಲ್ಮನವಿದಾರನಿಗೆ ಯಾವ ನ್ಯಾಯಾಲಯವೂ ಇಂಥ ಷರತ್ತನ್ನು ಮುಂದಿಡುವುದಿಲ್ಲ. ಮೇಲ್ಮನವಿಯಲ್ಲಿ ಕೇಳುವುದು ತೀರ್ಪು ಸರಿಯೋ ತಪ್ಪೋ ಎಂದು. ಇಲ್ಲಿ ಕೇಳಿದ್ದು ಬದಲಿಗೆ ಏನು ಕೊಡುತ್ತೀ ಎಂದು.

ಅದೇ ಭೇಟಿಯಲ್ಲಿ ರಾಜ ಹೇಳಿದ ಮಾತನ್ನು ಟೇಲರನೇ ದಾಖಲಿಸಿದ್ದಾನೆ. ತನ್ನನ್ನು ಕಳ್ಳನ ಹಾಗೆ ನೇಣಿಗೆ ಹಾಕಬಾರದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ; ಸೆರೆಯೂ ಕರಿನೀರೂ ಸಾವಿಗಿಂತ ಕಡೆ, ಬೇಡರಲ್ಲಿ ಕಡುಬಡವನೂ ಜೈಲಿನಲ್ಲಿ ಬದುಕಲಾರ, ರಾಜನಾದ ತಾನು ಹೇಗೆ ಬದುಕಲಿ ಎಂಬುದು ಆ ಮಾತಿನ ಅರ್ಥ. 1909ರಲ್ಲಿ ಸಾವರ್ಕರ್ 1857ರ ಕುರಿತು ಬರೆದ ಪುಸ್ತಕದಲ್ಲೂ ಈ ದೃಶ್ಯ ಬರುತ್ತದೆ. ಅದರ ಮೂಲವೂ ಟೇಲರನ ಬರಹವೇ. ಅಂದರೆ ಬ್ರಿಟಿಷರನ್ನು ಹೊಗಳುವವರೂ ತೆಗಳುವವರೂ ಒಂದೇ ಪುಟದಿಂದ ಓದುತ್ತಿದ್ದಾರೆ. ಒಂದು ಗುಂಪು ಅಲ್ಲಿಂದ ದಯಾಳು ಸಾಹೇಬನನ್ನು ಎತ್ತಿಕೊಂಡಿತು, ಇನ್ನೊಂದು ಗುಂಪು ವೀರ ರಾಜನನ್ನು. ವಿಚಾರಣೆಯ ಬಗ್ಗೆ ಇಬ್ಬರೂ ಕೇಳಲಿಲ್ಲ.

ಒಂದು ವಿಷಯದಲ್ಲಿ ರಾಜನ ಮಾತು ನನಗೆ ಬಹಳ ಮುಖ್ಯ. ಶಿಕ್ಷೆ ಇಳಿದದ್ದನ್ನು ಅವನು ಉಪಕಾರ ಎಂದು ತೆಗೆದುಕೊಳ್ಳಲಿಲ್ಲ. ಸಾವಿಗಿಂತ ಸೆರೆ ಹಗುರ ಎಂಬುದು ಶಿಕ್ಷೆ ಕೊಡುವವರ ಲೆಕ್ಕ. ಆ ಲೆಕ್ಕವನ್ನು ಅನುಭವಿಸುವವನು ಒಪ್ಪಲೇಬೇಕೆಂದಿಲ್ಲ. ನಾಲ್ಕು ವರ್ಷ ಮದರಾಸಿನ ಹತ್ತಿರದ ಚೆಂಗಲ್ಪಟ್ಟಿನ ಸೆರೆ ಎಂದು ಗೊತ್ತಾದ ಮೇಲೆ ಅವನನ್ನು ಕರೆದೊಯ್ದರು. ದಾರಿಯಲ್ಲಿ ಗುಡಾರವೊಂದರಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅವನು ಸತ್ತ. ತಾನೇ ಹೊಡೆದುಕೊಂಡ ಎಂಬುದು ಅಧಿಕೃತ ಕಥೆ. ಅವನನ್ನು ಕೊಂದರು ಎಂಬ ಮಾತೂ ಸುರಪುರ ಸೀಮೆಯಲ್ಲಿದೆ. ಯಾವುದು ನಿಜ ಎಂದು ಇಲ್ಲಿ ತೀರ್ಪು ಕೊಡಲು ನಾನು ಹೊರಟಿಲ್ಲ. ಕೈದಿಯೊಬ್ಬನ ಕೈಗೆ ಎಟಕುವ ಹಾಗೆ ತುಂಬಿದ ಪಿಸ್ತೂಲನ್ನು ಬಿಟ್ಟು ಕಾವಲಿನವನು ಹೊರಗೆ ಹೋದ ಎಂಬ ಆ ಅಧಿಕೃತ ಕಥೆಯನ್ನೇ ನಂಬಿದರೂ ಹೊಣೆ ಯಾರದು? ಇಂದು ಪೊಲೀಸ್ ಲಾಕಪ್ಪಿನಲ್ಲಿ ಹೀಗೆ ಒಬ್ಬ ಸತ್ತರೆ ನಾವು ಅದನ್ನು ಸತ್ತವನ ದುಡುಕು ಎಂದು ಬರೆಯುತ್ತೇವೆಯೇ?

ರಾಜ ಬದುಕಿದ್ದರೆ ಗದ್ದುಗೆ ಸಿಗುತ್ತಿತ್ತು ಎನ್ನುವವರು ಮುಂದಿನ ಎರಡು ವರ್ಷದ ಇತಿಹಾಸವನ್ನೂ ಓದಬೇಕು. ಸುರಪುರಕ್ಕೆ ಆಡಳಿತಗಾರನಾಗಿ ಟೇಲರ್ ಮತ್ತೆ ಬಂದ. 1860ರ ಒಪ್ಪಂದದಲ್ಲಿ ಬ್ರಿಟಿಷರು ನಿಜಾಮನಿಗೆ ರಾಯಚೂರು ದೋಆಬ್, ನಳದುರ್ಗವನ್ನು ಹಿಂದಿರುಗಿಸಿದರು, 50 ಲಕ್ಷ ರೂಪಾಯಿ ಸಾಲ ಬಿಟ್ಟರು, ಅದರ ಜೊತೆಗೆ ಸುರಪುರವನ್ನೂ ಕೊಟ್ಟರು. ದಂಗೆಯ ಕಾಲದಲ್ಲಿ ಜೊತೆಗೆ ನಿಂತದ್ದಕ್ಕೆ ಬಹುಮಾನ ಅದು. ಆರೋಪಿಯನ್ನು ಹಿಡಿದುಕೊಟ್ಟ ದರ್ಬಾರಿಗೆ ಆರೋಪಿಯ ನಾಡು ಹೋಯಿತು. ಶಿಕ್ಷೆ ಒಬ್ಬನಿಗೆ, ಅದೂ ನಾಲ್ಕು ವರ್ಷ. ಸಂಸ್ಥಾನ ಹೋದದ್ದು ಇಡೀ ಮನೆತನದ ಕೈಯಿಂದ, ಶಾಶ್ವತವಾಗಿ. ಇದನ್ನು ಯಾವ ಕೋರ್ಟು ತೀರ್ಮಾನಿಸಿತ್ತು?

ನನ್ನ ವಾದಕ್ಕೆ ಗಟ್ಟಿಯಾದ ಒಂದು ಆಕ್ಷೇಪವಿದೆ, ಅದನ್ನು ದಾಟಿ ಹೋಗುವುದು ಸರಿಯಲ್ಲ. 1861ರ ದಂಡ ಪ್ರಕ್ರಿಯಾ ಸಂಹಿತೆ, ಮರುವರ್ಷ ಬಂದ ಹೈಕೋರ್ಟುಗಳು ನಿಜವಾದ ಬದಲಾವಣೆ ತಂದವು. ಸೆಷನ್ಸ್ ಕೋರ್ಟು ಕೊಟ್ಟ ಮರಣದಂಡನೆಯನ್ನು ಹೈಕೋರ್ಟು ಖಾಯಂ ಮಾಡದೆ ಜಾರಿ ಮಾಡುವಂತಿಲ್ಲ ಎಂಬ ನಿಯಮ ಇಂದಿಗೂ ನಮ್ಮಲ್ಲಿ ಉಳಿದಿದೆ. ಅದು ಬೆಲೆಯುಳ್ಳ ನಿಯಮ, ಅದರಿಂದ ಉಳಿದ ಜೀವಗಳಿವೆ. ಹೊಲದ ಜಗಳ, ಮನೆಯ ಜಗಳ, ದರೋಡೆಯ ಕೊಲೆಗಳಲ್ಲಿ ಆ ಮೆಟ್ಟಿಲು ಇತ್ತು. ಆದರೆ ಸರ್ಕಾರವೇ ಎದುರುಪಕ್ಷವಾದ ಕೂಡಲೇ ಆ ಮೆಟ್ಟಿಲನ್ನು ತೆಗೆದುಹಾಕಲು ಅವರು ಹಿಂಜರಿಯಲಿಲ್ಲ. 1775ರಲ್ಲಿ ವಾರೆನ್ ಹೇಸ್ಟಿಂಗ್ಸ್‌ನ ಮೇಲೆ ಲಂಚದ ಆರೋಪ ಹೊರಿಸಿದ ನಂದಕುಮಾರನಿಗೆ ಕಲ್ಕತ್ತೆಯ ಸುಪ್ರೀಂ ಕೋರ್ಟು ನೇಣು ವಿಧಿಸಿ, ಇಂಗ್ಲೆಂಡಿನ ರಾಜನಿಗೆ ಮೇಲ್ಮನವಿ ಹೋಗಲು ಅನುಮತಿ ನಿರಾಕರಿಸಿತು. 1930ರಲ್ಲಿ ಭಗತ್ ಸಿಂಗ್ ಮತ್ತು ಸಂಗಾತಿಗಳಿಗಾಗಿ ಸುಗ್ರೀವಾಜ್ಞೆ ಹೊರಡಿಸಿ ಟ್ರಿಬ್ಯೂನಲ್ ಮಾಡಿದರು, ಅದರ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗುವಂತಿಲ್ಲ ಎಂದರು. ಪ್ರಿವಿ ಕೌನ್ಸಿಲ್ ಅರ್ಜಿಯನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ನಿರಂಜನರ ‘ಚಿರಸ್ಮರಣೆ’ಯಿಂದ ನಮಗೆ ಹತ್ತಿರವಾದ ಕಯ್ಯೂರಿನ ನಾಲ್ವರು ರೈತ ಹೋರಾಟಗಾರರಿಗೆ ಮೇಲ್ಮನವಿಯ ಅವಕಾಶ ಸಿಕ್ಕಿತು, ಮನವಿ ಸೋತಿತು, 1943ರ ಮಾರ್ಚ್ 29ರಂದು ಕಣ್ಣೂರಿನಲ್ಲಿ ಅವರನ್ನು ನೇಣಿಗೆ ಹಾಕಿದರು, ಅದರ ಚರ್ಚೆ ಬೇರೆಯೇ ಆಗಬೇಕು. ಸುರಪುರದ ಪ್ರಕರಣ ನಂದಕುಮಾರ ಮತ್ತು ಭಗತ್ ಸಿಂಗ್ ಪ್ರಕರಣಗಳ ಸಾಲಿಗೆ ಸೇರುತ್ತದೆ.

ಈ ಅಭ್ಯಾಸ ಬ್ರಿಟಿಷರ ಜೊತೆಗೇ ಹಡಗು ಹತ್ತಲಿಲ್ಲ ಎಂಬುದಕ್ಕೂ ಹೈದರಾಬಾದೇ ಸಾಕ್ಷಿ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮಿಲಿಟರಿ ಗವರ್ನರ್ ಜೆ.ಎನ್. ಚೌಧುರಿಯ ಆಡಳಿತದಲ್ಲಿ ವಿಶೇಷ ಟ್ರಿಬ್ಯೂನಲ್‌ಗಳು ಬಂದವು. ತೆಲಂಗಾಣ ರೈತ ಹೋರಾಟದ 12 ಜನರಿಗೆ ಮರಣದಂಡನೆಯಾಯಿತು. 1949ರ ಡಿಸೆಂಬರಿನಲ್ಲಿ ಹೈದರಾಬಾದ್ ಹೈಕೋರ್ಟು ಅದನ್ನು ಖಾಯಂ ಮಾಡಿತು. ಒಂದೂವರೆ ತಿಂಗಳಲ್ಲಿ ಸಂವಿಧಾನ ಜಾರಿಗೆ ಬಂತು. ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಅವರ ಪರವಾಗಿ ವಾದಿಸಲು ಲಂಡನ್ನಿನಿಂದ ಡಿ.ಎನ್. ಪ್ರಿಟ್ ಬಂದ. ವಕೀಲರನ್ನು ಇಟ್ಟುಕೊಳ್ಳಲು ಸರಿಯಾದ ಅವಕಾಶ ಕೊಡಲಿಲ್ಲ ಎಂಬುದು ಕೈದಿಗಳ ಮುಖ್ಯ ದೂರುಗಳಲ್ಲಿ ಒಂದು. ಜನಾರ್ದನ ರೆಡ್ಡಿ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 1950ರ ಡಿಸೆಂಬರಿನಲ್ಲಿ ತೀರ್ಪು ಬಂತು: ಹೈಕೋರ್ಟು ತೀರ್ಪು ಕೊಟ್ಟ ದಿನ ಹೈದರಾಬಾದಿನ ಕೋರ್ಟು ಭಾರತದ ಪ್ರದೇಶದ ಕೋರ್ಟಾಗಿರಲಿಲ್ಲ, ಸಂವಿಧಾನ ಹಿಂದಿನದಕ್ಕೆ ಅನ್ವಯಿಸುವುದಿಲ್ಲ, ಆದ್ದರಿಂದ ಮೇಲ್ಮನವಿ ಇಲ್ಲ. ಕ್ಯಾಲೆಂಡರಿನ ಕೆಲವು ವಾರಗಳ ಅಂತರದಲ್ಲಿ 12 ಜೀವಗಳು ಸಿಕ್ಕಿಹಾಕಿಕೊಂಡವು. ಕೊನೆಗೆ ಅವರು ಉಳಿದದ್ದು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದ್ದರಿಂದ, ಮತ್ತೆ ದಯೆ. ಆ 12 ಜನ ಉಳಿದದ್ದು ಸಂತೋಷದ ವಿಷಯ. ಅವರ ಪರ ಹೋರಾಡಿದವರು ಕೇಳಿದ್ದು ಮಾತ್ರ ದಯೆಯನ್ನಲ್ಲ, ವಿಚಾರಣೆ ಸರಿಯಾಗಿತ್ತೇ ಎಂಬ ಪ್ರಶ್ನೆಗೆ ಉತ್ತರವನ್ನು.

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕದ ಉತ್ಸವ ಮಾಡುತ್ತೇವೆ. ವೆಂಕಟಪ್ಪ ನಾಯಕನ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಅವನ ಮೇಲಿನ ಆರೋಪ ಏನಿತ್ತು, ಸಾಕ್ಷಿ ಹೇಳಿದವರು ಯಾರು, ಅವನು ಕೊಟ್ಟ ಉತ್ತರವೇನು ಎಂಬುದನ್ನು ಕನ್ನಡದಲ್ಲಿ ಓದಲು ಸಾಮಾನ್ಯ ಓದುಗನ ಕೈಗೆ ಸಿಗುವ ಹಾಗೆ ಮಾಡಿಲ್ಲ. ಆ ಕಾಲದ ವಿದೇಶಾಂಗ ಇಲಾಖೆಯ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಹೈದರಾಬಾದಿನ ತಾರ್ನಾಕದಲ್ಲಿ ರಾಜ್ಯ ಪತ್ರಾಗಾರವಿದೆ. ಗುಲಬರ್ಗಾ ವಿಶ್ವವಿದ್ಯಾಲಯವೋ ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ಇಬ್ಬರು ಸಂಶೋಧಕರನ್ನು ಅಲ್ಲಿಗೆ ಕಳಿಸಿ, ಸಿಕಂದರಾಬಾದಿನ ಆ ವಿಚಾರಣೆಗೆ ಸಂಬಂಧಿಸಿ ಸಿಗುವ ಪ್ರತಿ ಕಾಗದವನ್ನೂ ಕನ್ನಡಕ್ಕೆ ತಂದು ಅಚ್ಚು ಹಾಕಬೇಕು. ಅಲ್ಲಿಯವರೆಗೆ ಸುರಪುರದ ಬಗ್ಗೆ ಪಾಠ ಬರೆಯುವವರು, ಭಾಷಣ ಮಾಡುವವರು, ಫಲಕ ಬರೆಸುವವರು ಇಷ್ಟನ್ನಾದರೂ ನಡೆಸಿಕೊಡಬೇಕೆಂದು ಕೇಳುತ್ತೇನೆ: ರಾಜನಿಗೆ ಮೇಲ್ಮನವಿಯಲ್ಲಿ ಶಿಕ್ಷೆ ಕಡಿಮೆಯಾಯಿತು ಎಂಬ ವಾಕ್ಯವನ್ನು ಅಳಿಸಿ, ಅವನಿಗೆ ಮೇಲ್ಮನವಿಯ ಹಕ್ಕೇ ಇರಲಿಲ್ಲ ಎಂದು ಬರೆಯಿರಿ.